ತಕ್ಕಡಿಯೇರಿದ ದೊರೆ

ನಮ್ಮ ಬೀದಿಯ ತಕ್ಕಡಿ ರಿಪೇರಿಯವನಿಗೆ ಹೆತ್ತವರು ಇಟ್ಟ ಹೆಸರು ಏನೆಂದು ಅವನಿಗಾದರೂ ನೆನಪಿದೆಯೋ ಇಲ್ಲವೋ, ನಾವೆಲ್ಲ ಅವನನ್ನು ಗುಲಗಂಜಿ ಎನ್ನುತ್ತೇವೆ. ಹಿಂದೆ ಚಿನ್ನ ತೂಗಲು ಬಳಸುತ್ತಿದ್ದ ಆ ಪುಟ್ಟ ಕೆಂಪು ಬೀಜಕ್ಕೂ ಇವನಿಗೂ ಆಕಾರದಲ್ಲಿ ಯಾವ ಸಂಬಂಧವೂ ಇಲ್ಲ. ಆಕಾರದಲ್ಲಿ ಇವನು ಕುಂಬಳಕಾಯಿಯ ವಂಶ. ಹೆಸರು ಬಂದದ್ದು ಅವನ ಕರಾರುವಾಕ್ಕಾದ ತೂಕದಿಂದ. ತಟ್ಟೆಯ ಮೇಲೆ ನೊಣ ಕೂತರೆ ಅದರ ತೂಕವನ್ನಷ್ಟೇ ಅಲ್ಲ, ಅದು ಬೆಳಿಗ್ಗೆಯಿಂದ ಏನಾದರೂ ತಿಂದಿದೆಯೋ ಇಲ್ಲವೋ ಎಂಬುದನ್ನೂ ಹೇಳಿಬಿಡುತ್ತಾನೆ. ಪಕ್ಕದ ಮಳಿಗೆಯಲ್ಲಿ ಕೊಡೆ ರಿಪೇರಿ ಮಾಡುವ ನಾನು ಒಮ್ಮೆ ಅವನ ಅಂಗಡಿಯಲ್ಲಿ ಕೂತು ನಿಟ್ಟುಸಿರು ಬಿಟ್ಟೆ. "ಆ ಕಡೆ ತಿರುಗಿ ಬಿಡು ಮಾರಾಯ, ಮುಳ್ಳು ಅಲ್ಲಾಡ್ತು," ಅಂದ.

ಮುಳ್ಳು ಎಂದರೆ ತಕ್ಕಡಿಯ ದಂಡದ ನಡುವೆ ನಿಂತಿರುವ ಕಡ್ಡಿ. ಎರಡು ತಟ್ಟೆಗಳೂ ಸಮವಾದಾಗ ಅದು ನೆಟ್ಟಗಾಗುತ್ತದೆ, ಗುಲಗಂಜಿಯ ಮುಖವೂ ನೆಟ್ಟಗಾಗುತ್ತದೆ. ಅದು ಕೂದಲೆಳೆಯಷ್ಟು ವಾಲಿದರೂ ಸಾಕು, ಇವನು ನಾಲಿಗೆಯನ್ನು ಅಂಗುಳಿಗೆ ಹಚ್ಚಿ "ಲೊಚ್" ಎನ್ನುತ್ತಾನೆ. ಅಂಗಡಿಯಲ್ಲಿ ಲೊಚ್, ಮನೆಯಲ್ಲಿ ಲೊಚ್, ಕನಸಿನಲ್ಲೂ ಲೊಚ್. "ನಮ್ಮನೆಯಲ್ಲಿ ಹಲ್ಲಿಗಳೇ ಇಲ್ಲ," ಎಂದು ಅವನ ಹೆಂಡತಿ ಹೇಳುವುದುಂಟು. "ಇವರ ಮುಂದೆ ತಮ್ಮದೇನೂ ನಡಿಯಲ್ಲ ಅಂತ ಬಿಟ್ಟು ಹೋದವು."

ಇಂಥವನ ಕೈಗೆ ಅವನ ಅಕ್ಕ ಒಂದು ಜೀವವನ್ನು ಒಪ್ಪಿಸಿದರು.

ಅಕ್ಕ ಗ್ರಂಥಾಲಯದಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಅವರು ಕನ್ನಡಕದ ಮೇಲಿಂದ ಒಮ್ಮೆ ನೋಡಿದರೆ ಮಳೆ ಕೂಡ ಸದ್ದಿಲ್ಲದೆ ಸುರಿಯುತ್ತಿತ್ತು ಎಂದು ನಾವು ನಂಬಿದ್ದೇವೆ. ಗಂಡ ತೀರಿಕೊಂಡ ಮೇಲೆ ಅವರ ಮನೆಯಲ್ಲಿ ಉಳಿದದ್ದು ಮೂರು ಹಕ್ಕಿ. ಒಂದು ಹಸಿರು, ಒಂದು ನೀಲಿ, ಇವೆರಡೂ ಬಡ್ಜಿಗಳು, ಗಿಳಿಯ ಚಿಕ್ಕ ತಮ್ಮಂದಿರಂತಿದ್ದವು. ಮೂರನೆಯದು ಕಾಕಟೀಲ್, ಅದೂ ಗಿಳಿಯ ಕುಲದ್ದೇ. ಬೂದು ಮೈ, ಹಳದಿ ಜುಟ್ಟು, ಎರಡು ಕೆನ್ನೆಗೂ ಕಿತ್ತಳೆ ಬಣ್ಣದ ಬಟ್ಟು. ಜುಟ್ಟು ಎತ್ತಿ ನೋಡುವ ಗತ್ತಿಗೆ ಅವನ ಹೆಸರು ದೊರೆ ಎಂದಾಗಿತ್ತು.

ದೊರೆಯ ಬೆಲೆ ಅವನ ಜುಟ್ಟಿನಲ್ಲಿರಲಿಲ್ಲ, ಅವನ ಸೀನಿನಲ್ಲಿತ್ತು. ಅಕ್ಕನ ಗಂಡ, ಅಂದರೆ ಗುಲಗಂಜಿಯ ಭಾವ, ಬದುಕಿದ್ದಾಗ ಸೀನಿದರೆ ಎರಡು ಬೀದಿಯಾಚೆ ನಿಲ್ಲಿಸಿದ್ದ ಸೈಕಲ್ಲುಗಳು ಬೀಳುತ್ತಿದ್ದವು. ಮೊದಲು ಎರಡು ಸುಳ್ಳು ತಯಾರಿ, "ಆ... ಆ...", ಆಮೇಲೆ ಸ್ವಲ್ಪ ಮೌನ, ಎಲ್ಲರೂ ಮರೆತ ಮೇಲೆ "ಅಕ್ಷೀ!" ದೊರೆ ಅದನ್ನು ಹಾಗೆಹಾಗೇ ಕಲಿತಿದ್ದ, ನಡುವಿನ ಮೌನ ಸಮೇತ. ಭಾವ ಹೋದ ಮೇಲೂ ಆ ಮನೆಯಲ್ಲಿ ದಿನಾ ಬೆಳಿಗ್ಗೆ ಭಾವ ಸೀನುತ್ತಿದ್ದರು. ಅಕ್ಕ ಅಡುಗೆಮನೆಯಿಂದಲೇ, "ಬಾಗಿಲು ಹಾಕ್ಕೊಳ್ರೀ, ಶೀತ ಆಗತ್ತೆ," ಎನ್ನುತ್ತಿದ್ದರು. ಇದನ್ನು ಕೇಳಿ ನಕ್ಕವರು ಯಾರೂ ಎರಡನೇ ಸಲ ನಗಲಿಲ್ಲ.

ಭಾವನೇ ಅಂಗೈಯಲ್ಲಿ ಸೂರ್ಯಕಾಂತಿ ಬೀಜ ಹಿಡಿದು ತಿನ್ನಿಸಿ ತಿನ್ನಿಸಿ ದೊರೆಯನ್ನು ಬೆಳೆಸಿದ್ದು. ಬೇರೆ ಏನಿಟ್ಟರೂ ಮೂಸಿಯೂ ನೋಡುತ್ತಿರಲಿಲ್ಲ. ಹೀಗೆ ವರ್ಷಗಟ್ಟಲೆ ಬರೀ ಎಣ್ಣೆಬೀಜ ತಿಂದು, ಒಂದು ಕೋಲಿನಿಂದ ಇನ್ನೊಂದು ಕೋಲಿಗೆ ಹಾರಿದರೆ ಏದುಸಿರು ಬಿಡುವಂತಾದ. ಹಕ್ಕಿಗಳ ಡಾಕ್ಟರಮ್ಮ ಅವನನ್ನು ಮುಷ್ಟಿಯಲ್ಲಿ ಹಿಡಿದು, ಎದೆಯ ಗರಿ ಸರಿಸಿ ನೋಡಿದರು. ಅಕ್ಕನ ಜೊತೆಗೆ ಗುಲಗಂಜಿಯೂ ಹೋಗಿದ್ದ.

"ಕೊಬ್ಬು ಸೇರಿ ಪಿತ್ತಜನಕಾಂಗ ಕೆಡ್ತಾ ಇದೆ. ಹೀಗೇ ಬಿಟ್ರೆ ಹೆಚ್ಚು ದಿನ ಇರಲ್ಲ," ಎಂದರು ಡಾಕ್ಟರಮ್ಮ. "ಸಮತೋಲನ ಆಹಾರ ಬೇಕು. ಕ್ಯಾರೆಟ್, ಬೀನ್ಸ್, ದೊಣ್ಣೆಮೆಣಸಿನಕಾಯಿ, ಸೊಪ್ಪು, ಎಲ್ಲ ಸಣ್ಣಗೆ ಹೆಚ್ಚಿ ಹಸಿಯಾಗೇ ಇಡಿ. ಬೆಣ್ಣೆಹಣ್ಣು, ಈರುಳ್ಳಿ, ಚಾಕೊಲೇಟ್ ಹತ್ರಾನೂ ತರ್ಬೇಡಿ. ಕಾಳು ಒಮ್ಮೆಗೇ ನಿಲ್ಲಿಸ್ಬೇಡಿ. ತರಕಾರಿ ಎಷ್ಟು ತಿನ್ನತ್ತೋ ನೋಡ್ಕೊಂಡು ಅಷ್ಟಷ್ಟೇ ಕಾಳು ಕಡಿಮೆ ಮಾಡ್ತಾ ಬನ್ನಿ."

ಬೇರೆಯವರ ಕಿವಿಗೆ ಬಿದ್ದದ್ದು ಕ್ಯಾರೆಟ್ಟು ಬೀನ್ಸು. ಗುಲಗಂಜಿಯ ಕಿವಿಗೆ ಬಿದ್ದದ್ದು ಒಂದೇ ಮಾತು: ಸಮತೋಲನ. ಅವನ ಮುಖ ಮದುಮಗನ ಮುಖದಂತಾಯಿತು.

"ಅಕ್ಕ, ಇದು ಔಷಧಿ ಕೆಲಸ ಅಲ್ಲ, ತಕ್ಕಡಿ ಕೆಲಸ. ನಂಗೆ ಬಿಡು," ಅಂದ.

ಅಕ್ಕನಿಗೆ ಬಿಡದೆ ಬೇರೆ ದಾರಿ ಇರಲಿಲ್ಲ. ಮೊಣಕಾಲಿನ ಆಪರೇಷನ್ನಿಗೆ ದಿನ ಗೊತ್ತಾಗಿತ್ತು. ಆಮೇಲೆ ನಡೆಯುವುದನ್ನು ಕಲಿಸುವ ವಾರ್ಡಿನಲ್ಲಿ ಕೆಲವು ವಾರ ಇರಬೇಕಿತ್ತು. ಪಂಜರಗಳನ್ನು ಒಪ್ಪಿಸುವಾಗ ಅಕ್ಕ ತಮ್ಮನನ್ನು ಕನ್ನಡಕದ ಮೇಲಿಂದ ನೋಡಿದರು.

"ನೋಡೋ, ಕಾಲು ಹೋದ್ರೂ ಪರವಾಗಿಲ್ಲ, ಕೋಲು ಹಿಡ್ಕೊಂಡು ಓಡಾಡ್ತೀನಿ. ಇವನು ಹೋದ್ರೆ ಮನೇಲಿ ಸೀನೋರು ಯಾರೂ ಇರಲ್ಲ."

"ಅಕ್ಕ, ನಿಂಗೆ ಒಂದೇ ಒಂದು ಗ್ರಾಂ ಚಿಂತೆ ಬೇಡ," ಅಂದ ಗುಲಗಂಜಿ.

ಚಿಂತೆಯನ್ನೆಲ್ಲ ತಾನೇ ಇಟ್ಟುಕೊಂಡಿದ್ದ. ಹಸಿರು ಬಡ್ಜಿ ಮೊದಲ ದಿನವೇ ಸರಳಿನ ಸಂದಿಯಿಂದ ದೊರೆಯ ಬೆರಳು ಕಚ್ಚಿದ್ದನ್ನು ನೋಡಿ, ಬಡ್ಜಿಗಳ ಪಂಜರವನ್ನು ಮನೆಯ ಅಡುಗೆಮನೆ ಕಿಟಕಿಗೆ ತೂಗಿಹಾಕಿದ. ದೊರೆಯನ್ನು ಅಂಗಡಿಗೆ ತಂದು ಕಣ್ಣೆದುರಿಗೇ ಇಟ್ಟುಕೊಂಡ. ಸೆಕೆಯಾದೀತೆಂದು ಮೇಜಿನ ಫ್ಯಾನನ್ನು ತನ್ನ ಕಡೆಯಿಂದ ಪಂಜರದ ಕಡೆಗೆ ತಿರುಗಿಸಿದ. ಕುಂಬಳಕಾಯಿಯಂಥ ಮನುಷ್ಯ ಬೆವರಿನಲ್ಲಿ ಬೇಯುತ್ತ, ಹಕ್ಕಿಗೆ ಗಾಳಿ ಕೊಟ್ಟ. ಆ ಫ್ಯಾನನ್ನು ನೀವು ನೆನಪಿಟ್ಟುಕೊಳ್ಳಿ.

ದಿನಾ ಬೆಳಿಗ್ಗೆ ದೊರೆಯ ತೂಕ. ಎಡ ತಟ್ಟೆಯಲ್ಲಿ ಹಿತ್ತಾಳೆಯ ತೂಕದ ಬಟ್ಟುಗಳು, ಬಲ ತಟ್ಟೆಯಲ್ಲಿ ದೊರೆ. ಮೊದಲ ದಿನ ನೂರ ಹದಿನೈದು ಗ್ರಾಂ. ಡಾಕ್ಟರಮ್ಮ ನೂರರ ಹತ್ತಿರಕ್ಕೆ ಇಳಿಯಲಿ, ನಿಧಾನವಾಗಿ ಇಳಿಯಲಿ ಎಂದಿದ್ದರು. ಆಮೇಲೆ ತರಕಾರಿಯ ತೂಕ. ಹೆಚ್ಚುವುದಕ್ಕೆ ಅವನು ಬಳಸಿದ್ದು ಲೋಹ ಕೊರೆಯುವಾಗ ಹಾಕಿಕೊಳ್ಳುವ ದಪ್ಪ ಕನ್ನಡಕ. ಒಂದೊಂದು ಕ್ಯಾರೆಟ್ ತುಂಡೂ ಇನ್ನೊಂದರ ಅವಳಿಯಂತಿತ್ತು. ಅವನ ಹೆಂಡತಿ ಬಾಗಿಲಲ್ಲಿ ನಿಂತು ನೋಡಿ, "ಮದುವೆಯಾಗಿ ಇಷ್ಟು ವರ್ಷಕ್ಕೆ ನಂಗೊಂದು ಸೌತೆಕಾಯಿ ಹೆಚ್ಚಿಕೊಟ್ಟಿದೀರಾ?" ಅಂದಳು.

"ನಿನ್ನ ಪಿತ್ತಜನಕಾಂಗ ಚೆನ್ನಾಗಿದೆ ಕಣೇ," ಅಂದ ಗುಲಗಂಜಿ.

ಬೆಳಿಗ್ಗೆ ಇಪ್ಪತ್ತು ಗ್ರಾಂ ತರಕಾರಿ ಇಟ್ಟ. ಸಂಜೆ ಉಳಿದದ್ದನ್ನು ಒಂದು ಚೂರೂ ಬಿಡದೆ ಆರಿಸಿ ತೂಗಿದ. ಹದಿಮೂರು! ಏಳು ಗ್ರಾಂ ದೊರೆಯ ಹೊಟ್ಟೆಗೆ ಹೋಗಿತ್ತು. ಗುಲಗಂಜಿ ಅಂಗಡಿಯಿಂದ ಹೊರಗೆ ಬಂದು, ಕೊಡೆಯ ಕಡ್ಡಿ ಬಾಗಿಸುತ್ತಿದ್ದ ನನ್ನ ಕೈ ಹಿಡಿದು ಕುಲುಕಿದ. "ತಿಂದ ಕಣೋ! ಮೊದಲನೇ ದಿನವೇ ತಿಂದ!" ಡಾಕ್ಟರಮ್ಮ ಹೇಳಿದಂತೆ ಮರುದಿನ ಕಾಳನ್ನು ಅಷ್ಟೇ ಕಡಿಮೆ ಮಾಡಿದ. ಮರುದಿನವೂ ತರಕಾರಿ ಇಳಿದಿತ್ತು. ಇನ್ನಷ್ಟು ಕಾಳು ಕಡಿಮೆಯಾಯಿತು. ಅಕ್ಕ ವಾರ್ಡಿನಿಂದ ಫೋನ್ ಮಾಡಿದಾಗಲೆಲ್ಲ ಇವನು ಗ್ರಾಂ ಲೆಕ್ಕದಲ್ಲೇ ವರದಿ ಒಪ್ಪಿಸುತ್ತಿದ್ದ. ದೊರೆಯ ತೂಕವೂ ಇಳಿಯುತ್ತ ಬಂತು. ಡಾಕ್ಟರಮ್ಮ ಹೇಳಿದ್ದೂ ಅದೇ ತಾನೆ?

ನೂರಕ್ಕೆ ಬಂದ ದಿನ ನನಗೆ ಚಹಾ ಕೊಡಿಸಿದ. ನೂರರ ಕೆಳಗೆ ಇಳಿದ ದಿನ ಮೊದಲ ಲೊಚ್ ಕೇಳಿಸಿತು.

ಆಮೇಲೆ ಅದು ನಿಲ್ಲಲೇ ಇಲ್ಲ. ತಟ್ಟೆಯಿಂದ ದಿನಕ್ಕೊಂದು ಸಣ್ಣ ಬಟ್ಟು ತೆಗೆಯಬೇಕಾಯಿತು. ತರಕಾರಿ ಚೆನ್ನಾಗಿ ತಿನ್ನುತ್ತಿದೆ, ತಕ್ಕಡಿ ಹೇಳುತ್ತಿದೆ. ಹಕ್ಕಿ ಕರಗುತ್ತಿದೆ, ಅದನ್ನೂ ಅದೇ ತಕ್ಕಡಿ ಹೇಳುತ್ತಿದೆ. ಎರಡರಲ್ಲಿ ಯಾವುದನ್ನು ನಂಬುವುದು? ಗುಲಗಂಜಿ ಬದುಕಿನಲ್ಲಿ ಮೊದಲ ಬಾರಿಗೆ ತನ್ನ ತಕ್ಕಡಿಯ ಮೇಲೆ ಅನುಮಾನಪಟ್ಟ. ದಂಡ ಕಳಚಿ ಅಂಚು ಉಜ್ಜಿದ, ಸರಪಳಿ ತೊಳೆದ, ತಟ್ಟೆಗಳನ್ನು ಅದಲುಬದಲು ಮಾಡಿದ. ರಿಪೇರಿಗೆ ಬಂದಿದ್ದ ತಕ್ಕಡಿಗಳ ಮೇಲೆಲ್ಲ ದೊರೆಯನ್ನು ಕೂರಿಸಿದ. ಗುಜರಿ ಅಂಗಡಿಯವನ ಮೂಟೆ ತೂಗುವ ದೈತ್ಯ ಯಂತ್ರದ ಮೇಲೂ ಕೂರಿಸಿದ. ಆ ಯಂತ್ರಕ್ಕೆ ದೊರೆ ಕೂತದ್ದೇ ಗೊತ್ತಾಗಲಿಲ್ಲ, ಪಾಪ. ಉಳಿದವೆಲ್ಲ ಒಂದೇ ಮಾತು ಹೇಳಿದವು.

ದೊರೆಯ ಜುಟ್ಟು ಏಳುವುದನ್ನು ಬಿಟ್ಟಿತು. ಮೈಯ ಗರಿಯೆಲ್ಲ ಉಬ್ಬಿಸಿಕೊಂಡು, ಹಗಲು ಹೊತ್ತಿನಲ್ಲೇ ಒಂದು ಕಾಲಿನ ಮೇಲೆ ಕಣ್ಣು ಮುಚ್ಚಿ ಕೂರುತ್ತಿದ್ದ. ಅಂಗಡಿಗೆ ಬಂದ ದಿನದಿಂದ ಒಮ್ಮೆಯೂ ಸೀನಿರಲಿಲ್ಲ. ಗುಲಗಂಜಿ ಪಂಜರದ ಮುಂದೆ ಸ್ಟೂಲು ಹಾಕಿಕೊಂಡು ಕೂತ. ಗಿರಾಕಿಗಳು ಬಂದು ಕರೆದರೂ ತಲೆ ಎತ್ತುತ್ತಿರಲಿಲ್ಲ.

"ಡಾಕ್ಟರಮ್ಮನಿಗೆ ಒಂದು ಫೋನ್ ಮಾಡೋ," ಅಂದೆ ನಾನು.

"ಏನಂತ ಮಾಡ್ಲಿ? ಅವರು ಹೇಳಿದ್ದನ್ನ ಒಂದು ಗ್ರಾಂ ಹೆಚ್ಚುಕಮ್ಮಿ ಇಲ್ದೆ ಮಾಡಿದೀನಿ. ಅಷ್ಟಾದ್ರೂ ಇಳೀತಿದಾನೆ ಅಂದ್ರೆ ಏನೋ ದೊಡ್ಡ ಕಾಯಿಲೆನೇ. ಅವರು ಅದನ್ನ ಬಾಯಿಬಿಟ್ಟು ಹೇಳಿಬಿಟ್ರೆ..." ನನಗೂ ಯಾವ ಜೋಕೂ ತೋಚಲಿಲ್ಲ. ನನಗೆ ಜೋಕು ತೋಚದಿದ್ದರೆ ಪರಿಸ್ಥಿತಿ ಕೆಟ್ಟಿದೆ ಎಂದೇ ಬೀದಿಯ ಲೆಕ್ಕ.

ಅದೇ ಸಂಜೆ ಅಕ್ಕನ ಫೋನ್ ಬಂತು. ಗುಲಗಂಜಿ ಸ್ಪೀಕರ್ ಒತ್ತಿ ಮೇಜಿನ ಮೇಲಿಟ್ಟ.

"ಹೇಗಿದಾನೋ ದೊರೆ?"

"ಚೆನ್ನಾಗಿದಾನೆ ಅಕ್ಕ. ಇವತ್ತು ಎಂಟು ಗ್ರಾಂ ತಿಂದ."

"ಸೀನಿದ್ನಾ?"

"ಸೀನದೆ ಏನು... ಸೀನ್ತಾನೇ ಇರ್ತಾನೆ."

"ಫೋನ್ ಅವನ ಹತ್ರ ಹಿಡಿ. ನಾನು ಕೇಳ್ಬೇಕು."

ಗುಲಗಂಜಿ ನನ್ನ ಮುಖ ನೋಡಿದ. ನಾನು ಚಾವಣಿ ನೋಡಿದೆ. ದೊರೆ ಕಣ್ಣು ಕೂಡ ಬಿಡಲಿಲ್ಲ. ಫೋನಿನ ಆ ಕಡೆ ಅಕ್ಕ ಕಾಯುತ್ತಿದ್ದರು. ಕಡೆಗೆ ಗುಲಗಂಜಿ ಪಂಜರದ ಪಕ್ಕ ಬಗ್ಗಿ, ಮೂಗು ಹಿಡಿದುಕೊಂಡು, "ಆ... ಆ... ಅಕ್ಷೀ!" ಅಂದ. ಬಟ್ಟುಗಳೆಲ್ಲ ಪೆಟ್ಟಿಗೆಯಲ್ಲಿ ಗಲಗಲ ಎಂದವು.

"ನಿಮ್ಮ ಭಾವ ನಡುವೆ ಸ್ವಲ್ಪ ನಿಲ್ಲಿಸ್ತಿದ್ರು," ಅಂದರು ಅಕ್ಕ ಮೆಲ್ಲಗೆ. "ನೀನು ನಿಲ್ಲಿಸಲಿಲ್ಲ." ಫೋನ್ ಇಟ್ಟರು.

ಮರುದಿನ ಬೆಳಿಗ್ಗೆ ನಾನು ಶಟರ್ ಎತ್ತುವಾಗ ಗುಲಗಂಜಿ ಆಗಲೇ ತಕ್ಕಡಿಯ ಮುಂದಿದ್ದ. ಹಿಂದಿನ ದಿನದ ಬಟ್ಟುಗಳು ಎಡ ತಟ್ಟೆಯಲ್ಲಿ ಹಾಗೇ ಇದ್ದವು, ಎಂಬತ್ತಾರು ಗ್ರಾಂ. ದೊರೆಯನ್ನು ಎರಡು ಕೈಯಲ್ಲಿ ತಂದು ಬಲ ತಟ್ಟೆಯಲ್ಲಿ ಕೂರಿಸಿ ಕೈ ಬಿಟ್ಟ. ಬಟ್ಟುಗಳ ತಟ್ಟೆ ಧಡಕ್ಕನೆ ಕೆಳಗೆ ಕೂತಿತು. ದೊರೆಯ ತಟ್ಟೆ ಗಾಳಿಪಟದ ಹಾಗೆ ಎದ್ದಿತು.

"ಅಯ್ಯೋ! ಮೇಲೆ ಹೋಯ್ತು ಕಣೇ! ಮೇಲೆ ಹೋಗ್ಬಿಡ್ತು!" ಎಂದು ಕೂಗಿದ.

ಅವನು ಹೇಳಿದ್ದು ತಟ್ಟೆಯ ಮಾತು. ಆದರೆ ಆಗಷ್ಟೇ ಒಳಗೆ ಬಂದಿದ್ದ ಹೆಂಡತಿಯ ಕೈಯಲ್ಲಿ ಫೋನಿತ್ತು, ಫೋನಿನಲ್ಲಿ ಅಕ್ಕ ಇದ್ದರು. ಅಕ್ಕ "ಹಲೋ" ಎಂದೂ ಮುಗಿಸಿರಲಿಲ್ಲ. ಮೇಲೆ ಹೋಯ್ತು ಎಂದರೆ ಯಾರಿಗಾದರೂ ಬರುವ ಅರ್ಥ ಒಂದೇ.

"ಅತ್ತಿಗೆ, ಹಾಗಲ್ಲ, ಅದು ತಕ್ಕಡಿ... ಅತ್ತಿಗೆ?" ಅಂದಳು ಹೆಂಡತಿ. ಆ ಕಡೆ ಯಾರೂ ಇರಲಿಲ್ಲ. ಮತ್ತೆ ಮತ್ತೆ ಮಾಡಿದರೂ ಅಕ್ಕ ಎತ್ತಲಿಲ್ಲ.

ಎತ್ತುವುದೆಲ್ಲಿಂದ, ಅವರು ಆಗಲೇ ಹೊರಟಿದ್ದರು. ಟ್ಯಾಕ್ಸಿ ಬಂದು ಅಂಗಡಿಯ ಮುಂದೆ ನಿಂತಾಗ ಆಸ್ಪತ್ರೆಯ ನಿಲುವಂಗಿಯ ಮೇಲೆ ಶಾಲು ಹೊದ್ದು, ನಾಲ್ಕು ಕಾಲಿನ ಊರುಗೋಲನ್ನು ಮುಂದೆ ನೂಕುತ್ತ ಅಕ್ಕ ಇಳಿದರು. ಹಿಂದೆ ಒಬ್ಬಳು ನರ್ಸು, "ಅಮ್ಮಾ, ನೀವು ಮೆಟ್ಟಿಲು ಹತ್ತೋ ಹಾಗಿಲ್ಲ, ಅಮ್ಮಾ!" ಎನ್ನುತ್ತ ಓಡಿಬಂದಳು. ಅಂಗಡಿಗೆ ಮೂರು ಮೆಟ್ಟಿಲು. ಅಕ್ಕ ಅವನ್ನು ಹತ್ತಿದ್ದು ನಾನು ನೋಡಲಿಲ್ಲ. ಕೆಳಗಿದ್ದರು, ಆಮೇಲೆ ಮೇಲಿದ್ದರು, ಅಷ್ಟೇ ಗೊತ್ತು.

ಸೀದಾ ಪಂಜರದ ಬಳಿ ಹೋದರು. ದೊರೆ ಪಂಜರದ ತಳದಲ್ಲಿ ಮುದುರಿ ಕೂತಿದ್ದ. ಸದ್ದಿಗೆ ಅರ್ಧ ಕಣ್ಣು ತೆರೆದ. ಅಕ್ಕ ಹಾಗೇ ಸ್ಟೂಲಿನ ಮೇಲೆ ಕುಸಿದರು.

"ಇದಾನೆ," ಅಂದರು. ಆಮೇಲೆ ತಮ್ಮನತ್ತ ತಿರುಗಿದರು. "ಏನು ಹಾಕ್ತಿದೀಯ ಇವನಿಗೆ?"

ಗುಲಗಂಜಿ ಹಿಂದಿನ ದಿನದ ತರಕಾರಿ ಬಟ್ಟಲು ತಂದು ಮುಂದೆ ಹಿಡಿದ. "ಅಕ್ಕ, ಇಪ್ಪತ್ತು ಗ್ರಾಂ ಇಟ್ಟಿದ್ದೆ. ಸಂಜೆಗೆ ಹನ್ನೆರಡು ಉಳೀತು. ಎಂಟು ಗ್ರಾಂ ತಿಂದಿದಾನೆ. ನನ್ನ ತಕ್ಕಡಿ ಸುಳ್ಳು ಹೇಳಲ್ಲ."

ಅಕ್ಕ ಒಂದು ಕ್ಯಾರೆಟ್ ತುಂಡನ್ನು ಬೆಳಕಿಗೆ ಹಿಡಿದು ನೋಡಿದರು. ಅದು ಸುಕ್ಕಾಗಿ, ಮುದುಕನ ಬೆರಳಿನಂತೆ ಆಗಿತ್ತು. ನಾಲ್ಕು ಮೂಲೆಯೂ ಕತ್ತರಿಸಿದ ಹಾಗೇ ಇದ್ದವು. ಇನ್ನೊಂದು ತೆಗೆದರು, ಮತ್ತೊಂದು ತೆಗೆದರು.

"ಕೊಕ್ಕಿನ ಗುರುತು ಎಲ್ಲೋ ಇದೆ?"

"ಮತ್ತೆ ಎಂಟು ಗ್ರಾಂ ಎಲ್ಲಿ ಹೋಯ್ತು?"

ಅವನ ಹೆಂಡತಿ ಗೊರಗೊರ ತಿರುಗುತ್ತಿದ್ದ ಫ್ಯಾನನ್ನು ನೋಡಿದಳು, ಗಂಡನನ್ನು ನೋಡಿದಳು. "ರೀ," ಅಂದಳು, "ಒದ್ದೆ ಬಟ್ಟೆ ಹರವಿದ್ರೆ ಸಂಜೆಗೆ ಹಗುರ ಆಗಲ್ವಾ? ಬಟ್ಟೇನ ಯಾರಾದ್ರೂ ತಿಂದಿರ್ತಾರಾ?" ಹೋಗಿ ಫ್ಯಾನ್ ಆರಿಸಿದಳು.

ತರಕಾರಿಯ ನೀರನ್ನು ಗಾಳಿ ಕುಡಿದಿತ್ತು, ತಕ್ಕಡಿ ನಿಜವನ್ನೇ ಹೇಳಿತ್ತು, ಹಕ್ಕಿ ಒಂದು ಚೂರನ್ನೂ ಮುಟ್ಟಿರಲಿಲ್ಲ. ಫ್ಯಾನು ತಿಂದ ಲೆಕ್ಕಕ್ಕೆ ದೊರೆಯ ಕಾಳು ಕಡಿತವಾಗಿತ್ತು. ಗುಲಗಂಜಿ ಲೊಚ್ ಎನ್ನಲೂ ಇಲ್ಲ. ಬಟ್ಟಲು ಹಿಡಿದುಕೊಂಡೇ ನಿಂತಿದ್ದ, ಕಣ್ಣಿನಿಂದ ನೀರು ಬಟ್ಟಲಿಗೇ ಬಿತ್ತು. ಕ್ಯಾರೆಟ್ಟಿನ ತೂಕ ಸ್ವಲ್ಪ ಏರಿರಬೇಕು.

"ಅಳೋದು ಆಮೇಲೆ," ಅಂದರು ಅಕ್ಕ. "ಡಾಕ್ಟರಿಗೆ ಫೋನ್ ಹಚ್ಚು."

ಡಾಕ್ಟರಮ್ಮ ಬೈದದ್ದು ಸ್ಪೀಕರ್ ಇಲ್ಲದೆಯೂ ಬೀದಿಗೆಲ್ಲ ಕೇಳಿಸಿತು. ಕೂಡಲೇ ಕಾಳು ಕೊಡಿ, ಬೇಕಾದಷ್ಟು ಕೊಡಿ, ಬೆಚ್ಚಗಿಡಿ ಎಂದರು. ಒಂದು ಗಂಟೆಯೊಳಗೆ ತಿನ್ನದಿದ್ದರೆ ಕರೆದುಕೊಂಡು ಬನ್ನಿ, ನಳಿಕೆಯಿಂದ ಹಾಕಬೇಕು, ಆದರೆ ಇಷ್ಟು ಸೋತ ಹಕ್ಕಿ ಅದನ್ನು ತಡೆದುಕೊಳ್ಳುತ್ತದೆ ಎಂದು ಮಾತು ಕೊಡಲಾರೆ ಎಂದೂ ಹೇಳಿದರು.

ಬಟ್ಟಲು ತುಂಬ ಕಾಳು ಇಟ್ಟರು. ದೊರೆ ನೋಡಲಿಲ್ಲ. ನವಣೆಯ ತೆನೆ ಇಟ್ಟರು. ನೋಡಲಿಲ್ಲ. ಹೆಂಡತಿ ಮನೆಯಿಂದ ಬಡ್ಜಿಗಳ ಪಂಜರ ತಂದು ಪಕ್ಕಕ್ಕೆ ತೂಗಿಹಾಕಿದಳು. ಅವು ಚಿಲಿಪಿಲಿ ಎಂದು ಬೀದಿಯ ಸುದ್ದಿಯನ್ನೆಲ್ಲ ಹೇಳಿದವು. ದೊರೆ ಕತ್ತು ಮಾತ್ರ ಹೊರಳಿಸಿದ. ನರ್ಸು ಗಡಿಯಾರ ನೋಡಿದಳು. ಗುಲಗಂಜಿ ಟ್ಯಾಕ್ಸಿಯವನಿಗೆ ಹೋಗಬೇಡ ಎಂದು ಕೈಸನ್ನೆ ಮಾಡಿದ.

ಆಗ ಅಕ್ಕ ಪಂಜರದ ಬಾಗಿಲು ತೆಗೆದು, ಅಂಗೈಯಲ್ಲಿ ನಾಲ್ಕೇ ನಾಲ್ಕು ಸೂರ್ಯಕಾಂತಿ ಬೀಜ ಇಟ್ಟುಕೊಂಡು ಕೈ ಒಳಗೆ ಚಾಚಿದರು. ಬೀಜಗಳು ಅಂಗೈಯಲ್ಲಿ ಸಣ್ಣಗೆ ಅಲ್ಲಾಡುತ್ತಿದ್ದವು. ದೊರೆ ಅವನ್ನು ನೋಡಿದ. ಒಂದು ಹೆಜ್ಜೆ ಇಟ್ಟ, ನಿಂತ, ಕಣ್ಣು ಮುಚ್ಚಿದ. ಆಯಿತು, ಮುಗಿಯಿತು ಅಂದುಕೊಂಡೆ ನಾನು. ಆಮೇಲೆ ಇನ್ನೊಂದು ಹೆಜ್ಜೆ ಇಟ್ಟು, ಗಲ್ಲವನ್ನು ಅಕ್ಕನ ಬೆರಳಿಗೆ ಆನಿಸಿ, ಒಂದು ಬೀಜ ಎತ್ತಿದ. ಕಟ್ ಎಂದು ಸಿಪ್ಪೆ ಒಡೆದ ಸದ್ದು ಬಂತು. ಎಷ್ಟೋ ಗುಡುಗು ಕೇಳಿದ್ದೇನೆ, ಯಾವುದೂ ಅಷ್ಟು ಜೋರಾಗಿರಲಿಲ್ಲ.

ತರಕಾರಿಯ ಪಾಠ ಆಮೇಲೆ ಮೊದಲಿನಿಂದ ಶುರುವಾಯಿತು. ಈ ಸಲ ಡಾಕ್ಟರಮ್ಮ ಬಿಡಿಸಿ ಹೇಳಿದರು: ಹಕ್ಕಿಗೆ ಕ್ಯಾರೆಟ್ಟು ಊಟ ಅಂತ ಗೊತ್ತೇ ಇಲ್ಲ, ಜೊತೆಯವರು ತಿನ್ನೋದು ನೋಡಿ ಕಲಿಯತ್ತೆ, ತಿಂದಿದೆಯೋ ಇಲ್ಲವೋ ಅಂತ ಕೊಕ್ಕು ನೋಡಿ, ಹಿಕ್ಕೆ ನೋಡಿ, ಬಟ್ಟಲು ತೂಗಬೇಡಿ. ಹೀಗಾಗಿ ಒದ್ದೆ ಸೊಪ್ಪಿನ ಕಟ್ಟನ್ನು ಎರಡು ಪಂಜರಕ್ಕೂ ಕ್ಲಿಪ್ಪು ಹಾಕಿ ತೂಗಿಬಿಟ್ಟರು. ಬಡ್ಜಿಗಳು ಅದರಲ್ಲಿ ಸ್ನಾನ ಮಾಡಿ, ಸ್ನಾನದ ನೀರು ಕುಡಿದು, ಸ್ನಾನದ ಮನೆಯನ್ನೂ ತಿಂದು ಮುಗಿಸಿದವು. ದೊರೆ ಅದನ್ನು ನೋಡುತ್ತಿದ್ದ, ಅಷ್ಟೇ.

ಜೊತೆಯವರ ಪಟ್ಟಿಯಲ್ಲಿ ಗುಲಗಂಜಿಯೂ ಇದ್ದ. ಹಸಿ ತರಕಾರಿ ಎಂದರೆ ಮೂರು ಹರದಾರಿ ಓಡುವ ಮನುಷ್ಯ ಪಂಜರದ ಮುಂದೆ ಕೂತು ಕರಕರ ಕ್ಯಾರೆಟ್ ಅಗಿದ. ಬೀನ್ಸ್ ಅಗಿದ. ದೊಣ್ಣೆಮೆಣಸಿನಕಾಯಿ ಅಗಿದ. ಗಿರಾಕಿಗಳು ತಕ್ಕಡಿ ಇಟ್ಟು ಮೆಲ್ಲಗೆ ಹಿಂದೆ ಸರಿದರು. ದೊರೆ ಕಲಿಯುವ ಮೊದಲೇ ಅವನ ಬೊಜ್ಜು ಕರಗಿತು. ಪ್ಯಾಂಟು ನಿಲ್ಲಿಸಲು ನನ್ನ ಅಂಗಡಿಯಿಂದ ಕೊಡೆಯ ಪಟ್ಟಿ ಒಯ್ದ. ಒಂದು ಮಧ್ಯಾಹ್ನ ಅವನು ಎಂದಿನಂತೆ ಮುಖ ಕಿವುಚಿಕೊಂಡು ಅಗಿಯುತ್ತಿದ್ದಾಗ ದೊರೆ ಸರಳಿನ ಬಳಿ ಬಂದು, ಜುಟ್ಟು ಎತ್ತಿ, ಅವನ ಬೆರಳ ನಡುವಿನ ಕ್ಯಾರೆಟ್ಟಿನ ತುದಿಯನ್ನು ಕಿತ್ತುಕೊಂಡ. ಅರ್ಧ ಉಗುಳಿದ. ಇನ್ನರ್ಧಕ್ಕೆ ಮತ್ತೆ ಬಂದ. ಕೊಕ್ಕಿನ ತುದಿ ಕಿತ್ತಳೆಯಾಗಿತ್ತು. ಗುಲಗಂಜಿ ಉಸಿರು ಹಿಡಿದುಕೊಂಡು ಕೂತ. ಮುಳ್ಳು ಅಲ್ಲಾಡೀತೆಂಬ ಭಯದಿಂದ ಇರಬೇಕು.

ಅಕ್ಕ ಈಗ ತಮ್ಮ ಮನೆಗೆ ವಾಪಸಾಗಿದ್ದಾರೆ, ಕೋಲಿನೊಂದಿಗೆ. ಡಾಕ್ಟರಮ್ಮ ದೊರೆಯ ಪಿತ್ತಜನಕಾಂಗ ಪೂರ್ತಿ ಸರಿಹೋಗಿದೆ ಎನ್ನುವುದಿಲ್ಲ, ಉಳಿಯುತ್ತಾನೆ ನೋಡೋಣ ಎನ್ನುತ್ತಾರೆ. ಅದಕ್ಕೇ ಗುಲಗಂಜಿ ಈಗಲೂ ಕೈತಕ್ಕಡಿಯನ್ನು ಚೀಲದಲ್ಲಿಟ್ಟುಕೊಂಡು ಅಕ್ಕನ ಮನೆಗೆ ಹೋಗುತ್ತಾನೆ, ಹಕ್ಕಿಯನ್ನು ಮಾತ್ರ ತೂಗುತ್ತಾನೆ, ಮುಳ್ಳು ನೆಟ್ಟಗಾಗುವವರೆಗೆ ಅವನ ಮುಖದಲ್ಲಿ ರಕ್ತ ಇರುವುದಿಲ್ಲ. ಹೋದ ವಾರ ಜೊತೆಯಲ್ಲಿ ನಾನೂ ಇದ್ದೆ. ತಕ್ಕಡಿ ಇನ್ನೂ ಚೀಲದಿಂದ ಹೊರಗೆ ಬಂದಿರಲಿಲ್ಲ.

"ಆ... ಆ..." ಎಂದ ದೊರೆ.

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಗುಲಗಂಜಿಯ ಕೈ ಚೀಲದೊಳಗೇ ನಿಂತಿತು. ನಡುವೆ ಆ ಮೌನ, ಭಾವನದೇ ಮೌನ.

"ಅಕ್ಷೀ!"

"ಬಾಗಿಲು ಹಾಕ್ಕೊಳ್ರೀ, ಶೀತ ಆಗತ್ತೆ!" ಎಂಬ ಧ್ವನಿ ಒಳಗಿಂದ ಬಂತು. ಅದು ಮುಗಿಯುವ ಮೊದಲೇ ಪಂಜರದಿಂದ ಇನ್ನೊಂದು ಸದ್ದು, ಚೊಕ್ಕವಾಗಿ, ಅಂಗುಳಿನಿಂದ ಕಿತ್ತು ತೆಗೆದಂತೆ: "ಲೊಚ್."

ಅಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದು ತಮ್ಮನನ್ನು ಕನ್ನಡಕದ ಮೇಲಿಂದ ನೋಡಿದರು.

"ಅವರ ಸೀನು ಸಾಲ್ದು ಅಂತ ನಿನ್ನ ಲೊಚ್ಚು ಬೇರೆ ಕಲಿಸಿ ಕಳಿಸಿದೀಯಲ್ಲೋ. ಇನ್ನು ದಿನಾ ಇಬ್ಬರ ಕಾಟ ನಂಗೆ," ಅಂದರು. "ಕೂತ್ಕೋ. ಕ್ಯಾರೆಟ್ ಹೆಚ್ಚಿದೀನಿ. ದೊರೆ ಸೇರಿ ನಿಮ್ಮ ಮೂರು ಜನಕ್ಕೂ."